ಕಂಪನಿ ಕೊಟ್ಟ ಕೋಡಿಂಗ್ ಟಾಸ್ಕ್‌ಗೆ ಹೆಲ್ಪ್ ಕೇಳೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಕುವೆಂಪುನಗರದ ನಮ್ಮನೆ ವರಾಂಡದಲ್ಲಿ ಐದಾರು ಜನ ಹುಡುಗ್ರು ಹುಡುಗೀರು ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ಕೂತಿರ್ತಾರೆ, ಅರ್ಧ ಜನ ಮೈಸೂರಿನೋರೇ, ಇನ್ನರ್ಧ ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯಿಂದ ಬರೋರು. ಎಲ್ಲರ ಹತ್ರನೂ ಯಾವ್ದಾದ್ರೂ ಕಂಪನಿ ಕೆಲಸಕ್ಕೆ ತಗೊಳೋಕೆ ಮುಂಚೆ ಪರೀಕ್ಷೆ ಮಾಡೋಕೆ ಅಂತ ಕಳಿಸಿರೋ ಕೋಡಿಂಗ್ ಟಾಸ್ಕ್ ಇರತ್ತೆ. ನಾನು ಹನ್ನೆರಡು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದೀನಿ, ಈಗ ನಾಲ್ಕು ವರ್ಷದಿಂದ ಹಿಂಗೆ ಬರೋ ಟಾಸ್ಕ್‌ಗಳನ್ನ ಕಂಪನಿ ಕಡೆ ಕೂತು ಓದೋ ಕೆಲಸನೂ ನಂದೇ. ಎರಡೂ ಕಡೆ ನೋಡಿರೋದ್ರಿಂದ, ವಾರ ವಾರನೂ ಕೇಳೋ ಅದೇ ಪ್ರಶ್ನೆಗಳಿಗೆ ಒಂದ್ಸಲ ಬರ್ದಿಟ್ಬಿಡೋಣ ಅನ್ನಿಸ್ತು.

ಅಕ್ಕ, ಟಾಸ್ಕ್‌ಗೆ ಹೆಲ್ಪ್ ಕೇಳೋದು ಮೋಸ ಅಲ್ವಾ?

ಯಾವ ತರ ಟಾಸ್ಕ್ ಅನ್ನೋದು ಮೊದ್ಲು ನೋಡ್ಕೊಳಿ. ತೊಂಬತ್ತು ನಿಮಿಷ ಅಂತ ಟೈಮರ್ ಓಡ್ತಾ ಇರತ್ತೆ, ಕ್ಯಾಮೆರಾ ಆನ್ ಇರತ್ತೆ, ಟ್ಯಾಬ್ ಬದಲಾಯಿಸಿದ್ರೆ ವಾರ್ನಿಂಗ್ ಬರತ್ತೆ, ಅಂಥದ್ದು ಪರೀಕ್ಷೆ. ಅಲ್ಲಿ ಪಕ್ಕದಲ್ಲಿ ಯಾರನ್ನೋ ಕೂರಿಸ್ಕೊಂಡ್ರೆ ಅದು ಮೋಸನೇ, ಅದ್ರಲ್ಲಿ ಎರಡು ಮಾತಿಲ್ಲ, ಆ ಹೊತ್ತಲ್ಲಿ ನಂಗೆ ಫೋನ್ ಮಾಡ್ಬೇಡಿ, ನಾನು ಎತ್ತಲ್ಲ.

ಇನ್ನೊಂದು ತರ ಇದೆ, ಮೂರು ದಿನ ಟೈಮ್ ಕೊಟ್ಟು ಮನೇಲಿ ಮಾಡ್ಕೊಂಡ್ ಕಳ್ಸಿ ಅಂತಾರಲ್ಲ, ಅದು. ಅಲ್ಲಿ ಗೂಗಲ್ ಮಾಡ್ಬಾರ್ದು ಅಂತ ಯಾರೂ ನಿರೀಕ್ಷೆ ಮಾಡಲ್ಲ, ಯಾಕಂದ್ರೆ ಕೆಲಸಕ್ಕೆ ಸೇರಿದ್ಮೇಲೂ ನೀವು ದಿನಾ ಡಾಕ್ಯುಮೆಂಟೇಶನ್ ಓದ್ತೀರ, ಪಕ್ಕದೋರನ್ನ ಕೇಳ್ತೀರ. ಹಂಗಾದ್ರೆ ಎಲ್ಲೀವರ್ಗೂ ಕೇಳ್ಬೋದು? ನಾನು ಇಟ್ಕೊಂಡಿರೋ ಗೆರೆ ಇದು: ನೀವು ಕಳಿಸೋ ಕೋಡ್‌ನಲ್ಲಿ ಯಾವ ಸಾಲಿನ ಮೇಲೆ ಬೆರಳಿಟ್ಟು ಕೇಳಿದ್ರೂ ಇದು ಯಾಕಿದೆ ಅಂತ ನಿಮ್ಮ ಮಾತಲ್ಲಿ ಹೇಳೋಕೆ ಬರ್ಬೇಕು, ಯಾರ ಹತ್ರ ಏನು ತಿಳ್ಕೊಂಡ್ರಿ ಅಂತ ಕೇಳಿದ್ರೆ ಮುಚ್ಚಿಡದೆ ಹೇಳೋ ಹಂಗಿರ್ಬೇಕು. ಈ ಎರಡೂ ಇದ್ರೆ ಕೇಳಿ. ಮೇಲ್‌ನಲ್ಲಿ ಯಾರ ಸಹಾಯನೂ ತಗೋಬಾರ್ದು ಅಂತ ಸ್ಪಷ್ಟವಾಗಿ ಬರ್ದಿದ್ರೆ ಮಾತ್ರ ಅವ್ರ ಮಾತೇ ಕಡೆ ಮಾತು.

ಇದನ್ನ ನಾನು ಕಷ್ಟಪಟ್ಟು ಕಲ್ತಿದ್ದು. ಫೈನಲ್ ಇಯರ್ ಮುಗ್ದು ಐದು ತಿಂಗಳು ಕೆಲಸ ಇಲ್ದೆ ಮನೇಲಿದ್ದಾಗ ಒಂದು ಕಂಪನಿ ಟಾಸ್ಕ್ ಕೊಡ್ತು, ಬಸ್ ಟಿಕೆಟ್ ಬುಕಿಂಗ್ ತರದ್ದು, ನಂಗೆ ಡೇಟಾಬೇಸ್ ಭಾಗ ಬರ್ಲಿಲ್ಲ, ಫ್ರೆಂಡ್ ಒಬ್ಳು ರಾತ್ರಿಯೆಲ್ಲ ಕೂತು ಬರ್ದುಕೊಟ್ಳು. ತುಂಬ ಚೆನ್ನಾಗಿ ಬರ್ದಿದ್ಳು. ಇಂಟರ್‌ವ್ಯೂಗೆ ಕರೆದ್ರು, ಒಂದೇ ಸೀಟನ್ನ ಇಬ್ರು ಒಂದೇ ಹೊತ್ತಲ್ಲಿ ಬುಕ್ ಮಾಡಿದ್ರೆ ನಿಮ್ಮ ಕೋಡ್‌ನಲ್ಲಿ ಏನಾಗತ್ತೆ ಅಂತ ಕೇಳಿದ್ರು. ಅದಕ್ಕೆ ಉತ್ತರ ಕೋಡ್‌ನಲ್ಲೇ ಇತ್ತು, ಟ್ರಾನ್ಸಾಕ್ಷನ್ ಒಳಗೆ ಡೇಟಾಬೇಸ್‌ನ ಆ ಸೀಟಿನ ಸಾಲನ್ನ ಲಾಕ್ ಮಾಡಿದ್ಳು ಅವ್ಳು, ಅಂದ್ರೆ ಒಬ್ರ ಬುಕಿಂಗ್ ಮುಗಿಯೋವರ್ಗೂ ಇನ್ನೊಬ್ರು ಕಾಯ್ಬೇಕು. ನಂಗೆ ಅದು ಅಲ್ಲಿದೆ ಅಂತಾನೇ ಗೊತ್ತಿರ್ಲಿಲ್ಲ. ಕೇಳಿದೋರು ಒಂದು ನಿಮಿಷ ಸುಮ್ನಿದ್ದು, ಆಮೇಲೆ ಬಹಳ ಮೃದುವಾಗಿ ಥ್ಯಾಂಕ್ಯೂ ಅಂದ್ರು. ಬೆಂಗಳೂರಿಂದ ಮೈಸೂರಿಗೆ ವಾಪಸ್ ಬರೋ ರೈಲಲ್ಲಿ ಕಿಟಕಿ ಕಡೆ ಮುಖ ಮಾಡ್ಕೊಂಡೇ ಬಂದೆ. ಅವತ್ತು ಡೇಟಾಬೇಸ್ ಗೊತ್ತಿಲ್ಲ ಅಂತ ಹೇಳಿ ಅರ್ಧ ಟಾಸ್ಕ್ ಕಳ್ಸಿದ್ರೂ ಅದಕ್ಕಿಂತ ಚೆನ್ನಾಗಿರೋದು ಅಂತ ಈಗ್ಲೂ ಅನ್ಸತ್ತೆ.

ಟಾಸ್ಕ್ ಅರ್ಥ ಆಗ್ತಿಲ್ಲ. ಕಂಪನಿಯೋರನ್ನೇ ಕೇಳಿದ್ರೆ ದಡ್ಡ ಅನ್ಕೊಳಲ್ವಾ?

ಅನ್ಕೊಳಲ್ಲ. ಆ ಕಡೆ ಕೂತು ಹೇಳ್ತಿದೀನಿ, ಒಳ್ಳೆ ಪ್ರಶ್ನೆ ಕಳಿಸಿದೋರ ಹೆಸ್ರು ನಂಗೆ ನೆನಪಿರತ್ತೆ. ಸುಮಾರು ಟಾಸ್ಕ್‌ಗಳಲ್ಲಿ ಕೆಲವು ವಿಷ್ಯ ಬೇಕಂತಾನೇ ಬಿಟ್ಟಿರ್ತಾರೆ, ನೀವು ಕೇಳ್ತೀರೋ ಇಲ್ಲ ಸುಮ್ನೆ ಊಹೆ ಮಾಡ್ಕೊಂಡು ಹೋಗ್ತೀರೋ ನೋಡೋಣ ಅಂತ.

ಆದ್ರೆ ಕೇಳೋ ರೀತಿ ಇದೆ. "ಟಾಸ್ಕ್ ಅರ್ಥ ಆಗ್ಲಿಲ್ಲ, ಎಕ್ಸ್‌ಪ್ಲೇನ್ ಮಾಡಿ" ಅಂದ್ರೆ ಏನೂ ಓದಿಲ್ಲ ಅನ್ಸತ್ತೆ. ಅದರ ಬದಲು, ಕೊಟ್ಟಿರೋ ಫೈಲಲ್ಲಿ ಒಂದೇ ಗ್ರಾಹಕರ ನಂಬರ್ ಎರಡೆರಡು ಸಲ ಬಂದಿದೆ, ಕೊನೇದನ್ನ ಇಟ್ಕೊಂಡು ಹಳೇದನ್ನ ಬಿಡೋಣ ಅನ್ಕೊಂಡಿದೀನಿ, ನಿಮ್ಮ ಉದ್ದೇಶ ಬೇರೆ ಇದ್ರೆ ತಿಳ್ಸಿ ಅಂತ ಬರೀರಿ. ಅಂದ್ರೆ ಪ್ರಶ್ನೆ ಜೊತೆ ನಿಮ್ಮ ಉತ್ತರನೂ ಇಟ್ಬಿಡಿ. ಅವ್ರು ರಿಪ್ಲೈ ಮಾಡ್ದೇ ಇದ್ರೂ ನಿಮ್ಮ ಕೆಲಸ ನಿಲ್ಲಲ್ಲ, ಅದೇ ಊಹೆನ ರೀಡ್‌ಮಿ ಫೈಲಲ್ಲಿ (ಕೋಡ್ ಜೊತೆ ಕಳಿಸೋ ವಿವರಣೆ) ಬರ್ದು ಮುಂದಕ್ಕೆ ಹೋಗ್ಬೋದು. ಮೂರ್ನಾಲ್ಕು ಡೌಟ್ ಇದ್ರೆ ಒಂದೇ ಮೇಲ್‌ನಲ್ಲಿ ಸೇರ್ಸಿ ಕಳ್ಸಿ, ಗಂಟೆಗೊಂದು ಕಳಿಸ್ಬೇಡಿ. ಟಾಸ್ಕ್ ಬಂದ ದಿನಾನೇ ಕೇಳಿ, ಡೆಡ್‌ಲೈನ್ ಹಿಂದಿನ ರಾತ್ರಿ ಅಲ್ಲ.

"ಕೋಡ್ ವರ್ಕ್ ಆಗ್ತಿಲ್ಲ" ಅಂತ ಮೆಸೇಜ್ ಹಾಕ್ದೆ, ಯಾರೂ ಉತ್ತರ ಕೊಡ್ಲಿಲ್ಲ. ಯಾಕೆ?

ಊರಲ್ಲಿ ಮೋಟ್ರು ಓಡ್ತಿಲ್ಲ ಅಂತ ಅಪ್ಪ ಮೆಕ್ಯಾನಿಕ್‌ಗೆ ಫೋನ್ ಮಾಡ್ತಾರಲ್ಲ, ಅವ್ನು ತಕ್ಷಣ ಏನ್ ಕೇಳ್ತಾನೆ? ತ್ರೀ ಫೇಸ್ ಇದ್ಯಾ, ಸ್ಟಾರ್ಟರ್ ಟ್ರಿಪ್ ಆಗ್ತಿದ್ಯಾ, ಮೋಟ್ರು ಓಡಿ ನೀರು ಮಾತ್ರ ಬರ್ತಿಲ್ವಾ, ನಿನ್ನೆ ಓಡ್ತಿತ್ತಾ. ಒಂದೊಂದಕ್ಕೂ ರಿಪೇರಿ ಬೇರೆ ಬೇರೆ. ಕೋಡ್ ವರ್ಕ್ ಆಗ್ತಿಲ್ಲ ಅಂದ್ರೂ ಅಷ್ಟೇ, ರನ್ನೇ ಆಗ್ತಿಲ್ವಾ, ಮಧ್ಯ ನಿಲ್ತಿದ್ಯಾ, ಪೂರ್ತಿ ಓಡಿ ತಪ್ಪು ಉತ್ತರ ಕೊಡ್ತಿದ್ಯಾ ಅಂತ ಗೊತ್ತಾಗ್ದೆ ಯಾರು ಏನ್ ಹೇಳ್ತಾರೆ? ಅದನ್ನೆಲ್ಲ ಕೇಳಿ ಕೇಳಿ ತಿಳ್ಕೊಳೋಷ್ಟು ಪುರುಸೊತ್ತು ಎಲ್ಲರಿಗೂ ಇರಲ್ಲ, ಅದಕ್ಕೆ ಸುಮ್ನಾಗ್ತಾರೆ.

ಹೇಳ್ಬೇಕಾಗಿರೋದು ಇಷ್ಟು: ಏನು ಮಾಡೋಕೆ ಹೊರಟಿದೀರ, ಏನು ಬರ್ಬೇಕಿತ್ತು, ಏನು ಬಂತು, ಇಲ್ಲೀವರ್ಗೂ ಏನೇನು ಟ್ರೈ ಮಾಡಿದ್ರಿ. ಎರರ್ ಮೆಸೇಜ್‌ನ ಅಕ್ಷರಕ್ಕೆ ಅಕ್ಷರ ಕಾಪಿ ಮಾಡಿ ಹಾಕಿ. ದಯವಿಟ್ಟು ಸ್ಕ್ರೀನ್‌ನ ಮೊಬೈಲಲ್ಲಿ ಫೋಟೋ ಹೊಡ್ದು ಕಳಿಸ್ಬೇಡಿ, ಅದನ್ನ ಯಾರೂ ರನ್ ಮಾಡಿ ನೋಡೋಕೆ ಆಗಲ್ಲ. ಪೈಥಾನ್ ಭಾಷೇಲಿ ಬರ್ದಿದ್ರೆ ಎರರ್‌ನ ಕೊನೇ ಸಾಲು ಮೊದ್ಲು ಓದಿ, ತಪ್ಪಿನ ಹೆಸ್ರು ಅಲ್ಲಿರತ್ತೆ, ಅದ್ರ ಮೇಲಿನ ಸಾಲುಗಳಲ್ಲಿ ಎಲ್ಲಿ ಅನ್ನೋದು ಇರತ್ತೆ. ಅರ್ಧ ಜನ ಕೆಂಪಕ್ಷರ ನೋಡಿದ ತಕ್ಷಣ ಹೆದರ್ಕೊಂಡು ಓದೋದೇ ಇಲ್ಲ.

ಆಮೇಲೆ, ಮುನ್ನೂರು ಸಾಲಿನ ಕೋಡ್ ಪೂರ್ತಿ ಹಾಕ್ಬೇಡಿ. ತೊಂದ್ರೆ ಕೊಡ್ತಿರೋ ಭಾಗ ಮಾತ್ರ ಬೇರೆ ಫೈಲಿಗೆ ಹಾಕಿ, ಡೇಟಾನೂ ಎರಡೇ ಸಾಲಿಗೆ ಇಳ್ಸಿ, ಆಗ್ಲೂ ಅದೇ ಎರರ್ ಬರತ್ತಾ ನೋಡಿ. ಪಾಂಡವಪುರದ ಹುಡುಗ ಒಬ್ಬ ಎರಡು ದಿನ ಒದ್ದಾಡಿದ್ದ, ಸಿಎಸ್‌ವಿ ಫೈಲಲ್ಲಿ (ಕಾಮಾ ಹಾಕಿ ಬೇರ್ಪಡಿಸಿರೋ ಟೇಬಲ್) ಮೊದಲನೇ ಕಾಲಂ ಹೆಸ್ರು ಕಣ್ಣಿಗೆ ಕಾಣ್ತಿದೆ, ಕೋಡ್ ಮಾತ್ರ ಅಂಥ ಕಾಲಮ್ಮೇ ಇಲ್ಲ ಅಂತ ಕೀ ಎರರ್ ಕೊಡ್ತಿದೆ. "ಅಕ್ಕೋ, ಇಲ್ಲೇ ಅದೆ ನೋಡಿ, ಇಲ್ಲ ಅಂತದೆ" ಅಂತ ಅವನ ಗೋಳು. ಬೇರೆ ಕಾಲಂ ಓದ್ತೀಯಾ ಅಂದೆ, ಓದ್ತೀನಿ, ಮೊದಲನೇದು ಮಾತ್ರ ಬರಲ್ಲ ಅಂದ. ಆ ಫೈಲನ್ನ ಎಕ್ಸೆಲ್‌ನಲ್ಲಿ ತೆಗ್ದು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನ ಫೈಲಲ್ಲಿ ಇಡೋ ಒಂದು ರೀತಿ) ಸೇವ್ ಮಾಡಿದ್ದ, ಎಕ್ಸೆಲ್ ಹಂಗೆ ಸೇವ್ ಮಾಡುವಾಗ ಫೈಲಿನ ಶುರುವಿಗೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸತ್ತೆ, ಅದು ಮೊದಲನೇ ಕಾಲಂ ಹೆಸರಿಗೆ ಅಂಟ್ಕೊಂಡಿತ್ತು. ಓದುವಾಗ ಎನ್‌ಕೋಡಿಂಗ್‌ನ ಯುಟಿಎಫ್-8-ಸಿಗ್ ಅಂತ ಕೊಟ್ರೆ ಸರಿಹೋಯ್ತು. ಇದ್ರಲ್ಲಿ ಮುಖ್ಯ ಅಂದ್ರೆ ಅವ್ನು ಹೇಳಿದ "ಮೊದಲನೇದು ಮಾತ್ರ" ಅನ್ನೋ ಮಾತು, ಅದೊಂದು ಹೇಳಿದ್ರಿಂದ ಎರಡು ನಿಮಿಷದಲ್ಲಿ ಸಿಕ್ತು. ಮುಂಚಿನ ಎರಡು ದಿನ ಅವ್ನು ಎಲ್ಲರಿಗೂ ಬರೀ "ಫೈಲ್ ಓದ್ತಿಲ್ಲ" ಅಂತ ಹೇಳ್ಕೊಂಡ್ ಬಂದಿದ್ದ.

ಸುಮಾರು ಸಲ ಹಿಂಗೆ ಚಿಕ್ಕದು ಮಾಡ್ತಾ ಮಾಡ್ತಾ ಉತ್ತರ ನಿಮಗೇ ಹೊಳ್ದುಬಿಡತ್ತೆ. ಗಟ್ಟಿಯಾಗಿ ಇನ್ನೊಬ್ಬರಿಗೆ ವಿವರಿಸಿದ್ರೂ ಹಂಗೇ, ಎದುರಿಗಿರೋರಿಗೆ ಕೋಡಿಂಗ್ ಬರ್ಲೇಬೇಕು ಅಂತೇನಿಲ್ಲ. ನನ್ನ ತಂಗಿ ಬ್ಯಾಂಕ್ ಕೆಲಸದೋಳು, ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋಗುವಾಗ ಅವ್ಳಿಗೆ ಹೇಳ್ತಾ ಹೇಳ್ತಾ ನಂಗೆ ಎಷ್ಟು ಬಗ್ ಸಿಕ್ಕಿವೆಯೋ ಲೆಕ್ಕ ಇಲ್ಲ.

ಕಂಪನಿ ಕೊಟ್ಟಿರೋ ಪ್ರಶ್ನೆನ ಹಂಗೇ ಗ್ರೂಪಿಗೆ ಹಾಕ್ಬೋದಾ?

ಬೇಡ. ಆ ಪ್ರಶ್ನೆ ಅವ್ರದು, ಮೇಲ್‌ನಲ್ಲಿ ಹಂಚ್ಬೇಡಿ ಅಂತ ಬರ್ದಿರೋದೇ ಜಾಸ್ತಿ. ನಿಮ್ಮ ಜೊತೆ ಅದೇ ಟಾಸ್ಕ್ ಸಿಕ್ಕಿರೋ ಬೇರೆಯೋರಿಗೂ ಅನ್ಯಾಯ. ಕೋಡ್‌ನ ಆನ್‌ಲೈನಲ್ಲಿ ಇಡೋ ಗಿಟ್‌ಹಬ್‌ನಲ್ಲಿ ಹಾಕ್ಬೇಕು ಅಂದ್ರೂ ರೆಪೋನ, ಅಂದ್ರೆ ಅಲ್ಲಿನ ನಿಮ್ಮ ಕೋಡ್ ಫೋಲ್ಡರನ್ನ, ಪ್ರೈವೇಟ್ ಮಾಡಿ, ಯಾರಿಗೆ ಆಕ್ಸೆಸ್ ಕೊಡ್ಬೇಕು ಅಂತ ಹೇಳಿರ್ತಾರೋ ಅವ್ರಿಗೆ ಮಾತ್ರ ಕೊಡಿ, ಪಬ್ಲಿಕ್ ಇರ್ಲಿ ಅಂತ ಅವ್ರೇ ಹೇಳಿದ್ರೆ ಬೇರೆ ಮಾತು.

ಅದಕ್ಕಿಂತ ಒಳ್ಳೆ ದಾರಿ, ನಿಮಗೆ ಅಡ್ಡಿಯಾಗಿರೋ ವಿಷ್ಯನ ನಿಮ್ಮದೇ ಉದಾಹರಣೆಗೆ ಬದಲಾಯಿಸ್ಕೊಂಡು ಕೇಳಿ. ಕಂಪನಿ ಪ್ರಶ್ನೆ ಶೇರ್ ಮಾರ್ಕೆಟ್ ಆರ್ಡರ್‌ಗಳ ಬಗ್ಗೆ ಇರ್ಬೋದು, ನಿಮ್ಮ ನಿಜವಾದ ತೊಂದ್ರೆ ಒಂದೇ ಹೆಸರಿನ ಸಾಲುಗಳನ್ನ ಸೇರಿಸಿ ಮೊತ್ತ ಹಾಕೋದು ಅಷ್ಟೇ ತಾನೆ? ಹಂಗಾದ್ರೆ ಡೈರಿಗೆ ಹಾಲು ಹಾಕೋ ಲೆಕ್ಕ ತಗೊಳಿ. ಬೆಳಿಗ್ಗೆ ಒಬ್ರು 6 ಲೀಟರ್ ಹಾಕಿದ್ರು, ಸಾಯಂಕಾಲ 4 ಹಾಕಿದ್ರು, ಹತ್ತು ದಿನದ್ದು ಒಬ್ಬೊಬ್ರ ಹೆಸರಿಗೆ ಸೇರಿಸ್ಬೇಕು, ಮಧ್ಯ ಒಂದು ಹೊತ್ತು ಹಾಕ್ದೇ ಇದ್ರೆ ಖಾಲಿ ಇರತ್ತೆ, ಆ ಖಾಲಿ ಇರೋ ಕಡೆ ನನ್ನ ಕೋಡ್ ನಿಲ್ತಿದೆ. ಹಿಂಗೆ ಕೇಳಿದ್ರೆ ಕಂಪನಿ ಗುಟ್ಟು ಹೊರಗೆ ಹೋಗಲ್ಲ, ನಿಮಗೆ ಬರೋ ಉತ್ತರನ ವಾಪಸ್ ನಿಮ್ಮ ಟಾಸ್ಕ್‌ಗೆ ಹೊಂದಿಸೋ ಕೆಲಸ ನೀವೇ ಮಾಡ್ಬೇಕಾಗತ್ತೆ. ಕಲಿಯೋದು ಆ ಹೊಂದಿಸೋದ್ರಲ್ಲೇ.

ನಂಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಕನ್ನಡದಲ್ಲಿ ಕೇಳಿದ್ರೆ ನಗ್ತಾರಾ?

ನಗೋರ ಹತ್ರ ಕೇಳೋದೇ ಬೇಡ ಬಿಡಿ. ಹತ್ತನೇ ಕ್ಲಾಸ್‌ವರ್ಗೂ ಕನ್ನಡ ಮೀಡಿಯಂ ಓದಿ ಬಂದಿರೋ ಹುಡುಗೀರು ಲೂಪ್, ರಿಕರ್ಶನ್ ಎಲ್ಲ ಕನ್ನಡದಲ್ಲಿ ಎಷ್ಟು ಸ್ವಚ್ಛವಾಗಿ ವಿವರಿಸ್ತಾರೆ ಅಂದ್ರೆ, ಇಂಗ್ಲಿಷಲ್ಲಿ ಬಾಯಿಪಾಠ ಮಾಡ್ಕೊಂಡ್ ಬಂದಿರೋರು ಅದರ ಹತ್ರನೂ ಬರಲ್ಲ. ಮೊದ್ಲು ಕನ್ನಡದಲ್ಲಿ ಯೋಚ್ನೆ ಮಾಡಿ, ಕನ್ನಡದಲ್ಲೇ ಕೇಳಿ ಅರ್ಥ ಮಾಡ್ಕೊಳಿ. ರೀಡ್‌ಮಿ ಬರೀವಾಗ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಸಾಕು, ಅಲ್ಲಿ ಸಾಹಿತ್ಯ ಬೇಕಿಲ್ಲ, ಹೆಂಗೆ ರನ್ ಮಾಡೋದು ಅಂತ ಗೊತ್ತಾದ್ರೆ ಆಯ್ತು.

ಕನ್ನಡ ಅಂದಾಗ ನೆನಪಾಯ್ತು, ಪದ ಉಲ್ಟಾ ಮಾಡಿ, ಅಕ್ಷರ ಎಣಿಸಿ ಅನ್ನೋ ಟಾಸ್ಕ್ ಬಂದ್ರೆ ಒಂದ್ಸಲ ನಮ್ಮ ಊರ ಹೆಸ್ರು ಹಾಕಿ ನೋಡಿ. ಮೈಸೂರು ಅಂದ್ರೆ ನಮಗೆ ಮೂರು ಅಕ್ಷರ, ಪೈಥಾನ್‌ನ ಕೇಳಿದ್ರೆ 6 ಅನ್ನತ್ತೆ, ಯಾಕಂದ್ರೆ ಯುನಿಕೋಡ್‌ನಲ್ಲಿ (ಕಂಪ್ಯೂಟರ್‌ಗೆ ಅಂತ ಅಕ್ಷರಗಳಿಗೆ ನಂಬರ್ ಕೊಟ್ಟಿರೋ ಪಟ್ಟಿ) ಮ ಬೇರೆ, ಐತ್ವ ಬೇರೆ, ಹಿಂಗೆ ಮೂಲಾಕ್ಷರ ಒಂದು, ಸ್ವರಚಿಹ್ನೆ ಒಂದು. ಮಂಡ್ಯ ಎರಡೇ ಅಕ್ಷರ, ಆದ್ರೆ ಸೊನ್ನೆ, ಒತ್ತು ಮಾಡೋ ಚಿಹ್ನೆ ಎಲ್ಲ ಸೇರಿ 5 ಬರತ್ತೆ. ಉಲ್ಟಾ ಮಾಡಿದ್ರೆ ಚಿಹ್ನೆಗಳೆಲ್ಲ ತಪ್ಪು ಅಕ್ಷರಕ್ಕೆ ಹೋಗಿ ಅಂಟ್ಕೊಳತ್ತೆ. ಒಬ್ಳು ಹುಡುಗಿ ಇದನ್ನ ಟಾಸ್ಕ್‌ನ ರೀಡ್‌ಮಿಲಿ ನಾಲ್ಕು ಸಾಲು ಬರ್ದಳು, ನನ್ನ ಕೋಡ್ ಇಂಗ್ಲಿಷ್‌ಗೆ ಸರಿ, ಭಾರತೀಯ ಲಿಪಿಗಳಿಗೆ ಇಲ್ಲಿ ಎಡವತ್ತೆ ಅಂತ. ಇಂಟರ್‌ವ್ಯೂನಲ್ಲಿ ಇಪ್ಪತ್ತು ನಿಮಿಷ ಅದ್ರ ಬಗ್ಗೆನೇ ಮಾತಾಡಿದ್ರಂತೆ.

ಚಾಟ್‌ಜಿಪಿಟಿ ಹತ್ರ ಮಾಡಿಸ್ಕೊಂಡ್ರೆ ಗೊತ್ತಾಗತ್ತಾ?

2022ರ ನವೆಂಬರ್ ಕೊನೇಲಿ ಅದು ಬಂದಾಗಿನಿಂದ ಅತಿ ಹೆಚ್ಚು ಬರೋ ಪ್ರಶ್ನೆ ಇದು, ಮತ್ತೆ ಕೇಳೋ ರೀತಿನೇ ನಂಗೆ ಬೇಜಾರು. ಗೊತ್ತಾಗತ್ತಾ ಅಂತ ಯಾಕೆ ಕೇಳ್ತೀರ, ಬಳಸ್ಬೋದಾ ಅಂತ ಕೇಳಿ. ಕೆಲವು ಕಂಪನಿಯೋರು ಬಳಸಿ ಪರ್ವಾಗಿಲ್ಲ, ಹೇಳಿ ಅಷ್ಟೇ ಅಂತಾರೆ, ಕೆಲವರು ಬೇಡ್ವೇ ಬೇಡ ಅಂತಾರೆ. ಮೇಲ್‌ನಲ್ಲಿ ಬರ್ದಿಲ್ಲ ಅಂದ್ರೆ ಒಂದು ಸಾಲಿನ ಮೇಲ್ ಹಾಕಿ ಕೇಳಿ.

ಬಳಸ್ಬೋದು ಅಂದ್ರೆ ಹೆಂಗೆ ಬಳಸ್ತೀರ ಅನ್ನೋದು ದೊಡ್ಡ ವಿಷ್ಯ. ಟಾಸ್ಕ್ ಪೂರ್ತಿ ಪೇಸ್ಟ್ ಮಾಡಿ ಬಂದಿದ್ದನ್ನ ಕಳಿಸಿದ್ರೆ ನನ್ನ ಟೇಬಲ್ ಮೇಲೆ ಒಂದೇ ತರದ ಹತ್ತು ಉತ್ತರ ಬಂದು ಬೀಳತ್ತೆ, ಅದೇ ಫಂಕ್ಷನ್ ಹೆಸರುಗಳು, ಅದೇ ಕಾಮೆಂಟುಗಳು, ಟಾಸ್ಕ್‌ನಲ್ಲಿ ಕೇಳ್ದೇ ಇರೋ ಲಾಗಿನ್ ಪೇಜ್ ಸೈತ. ಕೆಲವ್ಸಲ ಇಲ್ದೇ ಇರೋ ಲೈಬ್ರರಿ ಫಂಕ್ಷನ್ನನ್ನೂ ಇದೆ ಅನ್ನೋ ಹಂಗೆ ಬರ್ದುಕೊಡತ್ತೆ ಅದು, ರನ್ ಮಾಡಿ ನೋಡ್ದೇ ಕಳಿಸಿರೋರು ಅಲ್ಲೇ ಸಿಕ್ಕಾಕೊಳ್ತಾರೆ. ಬದಲಿಗೆ ಎರರ್ ಮೆಸೇಜ್ ಅರ್ಥ ಕೇಳಿ, ನಾನು ಬರ್ದಿರೋದ್ರಲ್ಲಿ ಯಾವ ಇನ್‌ಪುಟ್ ಕೊಟ್ರೆ ಒಡೆಯತ್ತೆ ಅಂತ ಕೇಳಿ, ಎರಡು ವಿಧಾನ ಇದ್ರೆ ವ್ಯತ್ಯಾಸ ಏನು ಅಂತ ಕೇಳಿ. ಆಮೇಲೆ ಅದನ್ನ ಮುಚ್ಚಿಟ್ಟು ಕೋಡ್ ನೀವೇ ಬರೀರಿ. ನಿಮ್ಮ ಕೈಯಿಂದ ಬಂದಿದ್ದು ಸ್ವಲ್ಪ ಒರಟಾಗಿದ್ರೂ ನಂಗೆ ಅದೇ ಇಷ್ಟ, ಯಾಕಂದ್ರೆ ಅದ್ರಲ್ಲಿ ನೀವು ಹೆಂಗೆ ಯೋಚ್ನೆ ಮಾಡ್ತೀರ ಅಂತ ಕಾಣತ್ತೆ. ಗಿಟ್ ಕಮಿಟ್‌ಗಳನ್ನೂ, ಅಂದ್ರೆ ಕೋಡ್‌ನ ಹಂತ ಹಂತವಾಗಿ ಸೇವ್ ಮಾಡಿರೋ ದಾಖಲೆನೂ, ನಾವು ನೋಡ್ತೀವಿ, ಮೂರು ದಿನದ ಕೆಲಸ ಒಂದೇ ಕಮಿಟ್‌ನಲ್ಲಿ ದೊಪ್ ಅಂತ ಬಿದ್ದಿದ್ರೆ ಪ್ರಶ್ನೆ ಬಂದೇ ಬರತ್ತೆ, ಆಗಾಗ ಕಮಿಟ್ ಮಾಡ್ತಾ ಬನ್ನಿ.

ಸ್ಟಾಕ್ ಓವರ್‌ಫ್ಲೋ ಅನ್ನೋ ಕೋಡಿಂಗ್ ಪ್ರಶ್ನೋತ್ತರ ಸೈಟಿಂದ ನಾಲ್ಕು ಸಾಲು ಎತ್ಕೊಂಡ್ರೆ?

ಎತ್ಕೊಳಿ, ಎಲ್ಲಿಂದ ಅಂತ ಕಾಮೆಂಟ್‌ನಲ್ಲಿ ಲಿಂಕ್ ಹಾಕಿ. ಅಲ್ಲಿರೋದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಇರತ್ತೆ, ಬರ್ದೋರ ಹೆಸ್ರು ಹೇಳೋದು ಅದ್ರ ಶರತ್ತೇ.

ದುಡ್ಡು ಕೊಟ್ರೆ ಟಾಸ್ಕ್ ಮಾಡ್ಕೊಡ್ತೀವಿ ಅಂತ ಒಬ್ರು ಮೆಸೇಜ್ ಮಾಡಿದ್ರು.

ಬ್ಲಾಕ್ ಮಾಡಿ. ನನ್ನ ಬಸ್ ಟಿಕೆಟ್ ಕಥೆ ಮೇಲಿದೆ, ಅದ್ರಲ್ಲಿ ದುಡ್ಡೂ ಹೋಗಿರ್ಲಿಲ್ಲ. ಆಮೇಲೆ ಅಂಥೋರು ನಾಳೆ ನಿಮ್ಮ ಹೆಸ್ರು ಕಂಪನಿಗೆ ಹೇಳ್ತೀನಿ ಅಂತ ಹೆದರಿಸಿದ್ರೆ ಯಾರ ಹತ್ರ ಹೋಗ್ತೀರ?

ಟಾಸ್ಕ್ ತುಂಬ ದೊಡ್ಡದಿದೆ, ಫ್ರೀಯಾಗಿ ಕೆಲಸ ಮಾಡಿಸ್ಕೊಳ್ತಿದಾರೆ ಅನ್ನಿಸ್ತಿದೆ.

ಅನ್ನಿಸಿದ್ರೆ ಒಂದ್ಸಲ ನಿಂತು ಯೋಚ್ನೆ ಮಾಡಿ. ಮೂರ್ನಾಲ್ಕು ಗಂಟೆ ಕೂತ್ರೆ ಮುಗಿಯೋದು, ಉತ್ತರ ಅವ್ರಿಗೆ ಮೊದ್ಲೇ ಗೊತ್ತಿರೋ ಅಂಥದ್ದು, ಅದು ಟಾಸ್ಕ್. ಅವ್ರ ನಿಜವಾದ ವೆಬ್‌ಸೈಟಿಗೆ ಪೇಮೆಂಟ್ ಸೇರಿಸ್ಕೊಡಿ, ಅವ್ರ ಗ್ರಾಹಕರ ಡೇಟಾ ಕ್ಲೀನ್ ಮಾಡ್ಕೊಡಿ, ಹತ್ತು ದಿನದಲ್ಲಿ ಆಪ್ ಬೇಕು ಅಂತೆಲ್ಲ ಅಂದ್ರೆ ಅದು ಕೂಲಿ ಇಲ್ದ ಕೆಲಸ. ಮರ್ಯಾದೆಯಾಗಿ ಕೇಳ್ಬೋದು, ಇದಕ್ಕೆ ಎಷ್ಟು ಗಂಟೆ ಅಂತ ಅಂದಾಜು ಮಾಡಿದೀರ, ಇದ್ರಲ್ಲಿ ಒಂದು ಭಾಗ ಮಾತ್ರ ಮಾಡಿದ್ರೆ ಸಾಕಾ ಅಂತ. ಒಳ್ಳೆಯೋರು ಒಪ್ಕೊಳ್ತಾರೆ.

ಇನ್ನೊಂದಿದೆ, ಇದನ್ನ ಹೇಳ್ದೇ ಇರೋಕಾಗಲ್ಲ. ಟಾಸ್ಕ್ ಪಾಸ್ ಆಯ್ತು, ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೈನಿಂಗ್ ಫೀಸು, ಬ್ಯಾಕ್‌ಗ್ರೌಂಡ್ ಚೆಕ್ ಅಂತ ದುಡ್ಡು ಹಾಕಿ ಅಂದ್ರೆ ಅಲ್ಲೇ ನಿಲ್ಸಿ. ನಮ್ಮ ಹತ್ರ ಬರೋ ಹುಡುಗ ಒಬ್ಬನ ಅಮ್ಮ ಕಿವಿ ಓಲೆ ಅಡ ಇಟ್ಟು ದುಡ್ಡು ಕಟ್ಟಿದ್ರು, ಆಮೇಲೆ ಆ ನಂಬರ್ ಸ್ವಿಚ್ ಆಫ್. ದುಡ್ಡು ಹೋಗಿದ್ರೆ ನಾಚ್ಕೊಂಡ್ ಕೂರ್ಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಗೇ ಇರೋ ಸಹಾಯವಾಣಿ. ಎಷ್ಟು ಬೇಗ ಹೇಳ್ತೀರೋ ಆ ದುಡ್ಡನ್ನ ಮಧ್ಯದಲ್ಲೇ ತಡೆಯೋ ಸಾಧ್ಯತೆ ಅಷ್ಟು ಜಾಸ್ತಿ.

ಟೈಮ್ ಮುಗೀತಾ ಬಂತು, ಅರ್ಧನೇ ಆಗಿದೆ. ಕಳಿಸ್ಲಾ ಬೇಡ್ವಾ?

ಕಳ್ಸಿ. ಓಡೋ ಅರ್ಧ, ಓಡ್ದೇ ಇರೋ ಪೂರ್ತಿಗಿಂತ ಎಷ್ಟೋ ವಾಸಿ. ರೀಡ್‌ಮಿಲಿ ಏನಾಗಿದೆ, ಏನಾಗಿಲ್ಲ, ಇನ್ನೊಂದು ದಿನ ಇದ್ದಿದ್ರೆ ಏನು ಮಾಡ್ತಿದ್ದೆ ಅಂತ ಬರೀರಿ. ಮನೇಲಿ ಕಷ್ಟ ಇದ್ರೆ, ಕರೆಂಟ್ ಇಲ್ದೇ ಇದ್ರೆ, ಡೆಡ್‌ಲೈನ್‌ಗೆ ಮುಂಚೆನೇ ಒಂದು ದಿನ ಜಾಸ್ತಿ ಕೇಳಿ, ಮುಗ್ದ ಮೇಲೆ ಕೇಳಿದ್ರೆ ನೆಪದ ತರ ಕಾಣತ್ತೆ.

ಕಳಿಸೋಕೆ ಮುಂಚೆ ಒಂದು ಕೆಲಸ ಮಾತ್ರ ತಪ್ಪಿಸ್ಬೇಡಿ: ಬೇರೆಯೋರ ಲ್ಯಾಪ್‌ಟಾಪ್‌ನಲ್ಲಿ, ನಿಮ್ಮ ರೀಡ್‌ಮಿ ಮಾತ್ರ ನೋಡ್ಕೊಂಡು ರನ್ ಮಾಡ್ಸಿ. ನಿಮ್ಮ ಡೆಸ್ಕ್‌ಟಾಪ್ ಫೋಲ್ಡರ್ ಹೆಸ್ರು ಕೋಡ್ ಒಳಗೇ ಉಳ್ಕೊಂಡಿದೆಯಾ, ಯಾವ ಲೈಬ್ರರಿ ಹಾಕ್ಬೇಕು ಅಂತ ಬರ್ದಿಲ್ವಾ, ಎಲ್ಲ ಅಲ್ಲಿ ಬಯಲಾಗತ್ತೆ. ಇಂಥ ಸಹಾಯ ಕೇಳೋಕೆ ಯಾವ ಸಂಕೋಚನೂ ಬೇಡ. ಜೊತೆಗೆ ಎಲ್ಲರೂ ಬೀಳೋ ಎರಡು ಗುಂಡಿ ನೋಡ್ಕೊಳಿ, ಒಂದು, 1,20,000 ಅಂತ ಕಾಮಾ ಇರೋ ಮೊತ್ತನ ನೇರವಾಗಿ ನಂಬರ್ ಮಾಡೋಕೆ ಹೋದ್ರೆ ಪೈಥಾನ್ ಎರರ್ ಕೊಡತ್ತೆ, ಕಾಮಾ ತೆಗೀಬೇಕು. ಇನ್ನೊಂದು, 0.1ಕ್ಕೆ 0.2 ಕೂಡಿಸಿದ್ರೆ 0.30000000000000004 ಬರತ್ತೆ, ಅದಕ್ಕೆ ರೂಪಾಯಿ ಲೆಕ್ಕನ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ ಅಥವಾ ಪೈಥಾನ್‌ನ ಡೆಸಿಮಲ್ ಅನ್ನೋ ಟೈಪ್ ಬಳಸಿ.

ಇಂಟರ್‌ವ್ಯೂನಲ್ಲಿ "ಯಾರಾದ್ರೂ ಹೆಲ್ಪ್ ಮಾಡಿದ್ರಾ" ಅಂತ ಕೇಳಿದ್ರೆ ಏನ್ ಹೇಳ್ಲಿ?

ಇದ್ದಿದ್ದು ಇದ್ದಂಗೆ. ಫೈಲ್ ಓದೋ ಕಡೆ ಸಿಕ್ಕಾಕೊಂಡಿದ್ದೆ, ಗೊತ್ತಿರೋ ಒಬ್ರನ್ನ ಕೇಳ್ದೆ, ಅವ್ರು ಎನ್‌ಕೋಡಿಂಗ್ ನೋಡು ಅಂದ್ರು, ಆಮೇಲೆ ನಾನು ಅದ್ರ ಬಗ್ಗೆ ಓದಿ ಹಿಂಗೆ ಸರಿ ಮಾಡ್ದೆ. ಇಷ್ಟು ಹೇಳಿದ್ರೆ ಮಾರ್ಕ್ಸ್ ಕಮ್ಮಿ ಮಾಡೋ ಬದಲು ನಾನಂತೂ ಖುಷಿ ಪಡ್ತೀನಿ, ಟೀಮಿಗೆ ಬೇಕಾಗಿರೋದು ಸಿಕ್ಕಾಕೊಂಡಾಗ ಬಾಯಿ ಬಿಟ್ಟು ಕೇಳೋ ಜನ.

ಆಮೇಲೆ ನಾವು ಟಾಸ್ಕ್‌ನ ಸ್ವಲ್ಪ ಬದಲಾಯಿಸಿ ಕೇಳ್ತೀವಿ, ಅದಕ್ಕೆ ತಯಾರಾಗಿ ಹೋಗಿ. ಎರಡು ಲೂಪ್ ಒಳಗೊಳಗೆ ಹಾಕಿ ಜೋಡಿ ಹುಡುಕಿದೀರ ಅನ್ಕೊಳಿ, ಹತ್ತು ಸಾಲಿನ ಡೇಟಾಗೆ ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಆಗತ್ತೆ. 10,000 ಸಾಲು ಇದ್ರೆ ಏನಾಗತ್ತೆ ಅಂತೀವಿ. 10,000 ಸಲ 10,000, ಹತ್ತು ಕೋಟಿ ಹೋಲಿಕೆ. ನೋಡಿರೋದನ್ನೆಲ್ಲ ಒಂದು ಡಿಕ್ಷನರಿಯಲ್ಲಿ (ಹೆಸ್ರು ಕೊಟ್ರೆ ತಕ್ಷಣ ಹುಡುಕಿಕೊಡೋ ಪೈಥಾನ್ ಪಟ್ಟಿ) ಇಟ್ಕೊಂಡ್ ಹೋದ್ರೆ ಒಂದೇ ಸುತ್ತು, ಹತ್ತು ಸಾವಿರ ಸಲ ನೋಡಿದ್ರೆ ಮುಗೀತು, ಅದರ ಬದಲು ಮೆಮೊರಿ ಜಾಸ್ತಿ ಬೇಕು. ಸ್ವಂತ ಬರ್ದಿರೋರು ಮೊದ್ಲು ತಡವರಿಸಿದ್ರೂ ಒಂದು ಸಣ್ಣ ಸುಳಿವು ಕೊಟ್ಟ ತಕ್ಷಣ ಹಿಡ್ಕೊಳ್ತಾರೆ. ಇಂಟರ್‌ವ್ಯೂ ಹಿಂದಿನ ದಿನ ಯಾರನ್ನಾದ್ರೂ ಕೂರಿಸ್ಕೊಂಡು ನಿಮ್ಮ ಕೋಡ್ ಸಾಲು ಸಾಲಾಗಿ ವಿವರಿಸಿ, ಯಾಕೆ ಯಾಕೆ ಅಂತ ಕೇಳೋಕೆ ಹೇಳಿ.

ನಂಗೆ ಯಾರೂ ಗೊತ್ತಿಲ್ಲ. ಯಾರನ್ನ ಕೇಳ್ಲಿ?

ಇದನ್ನ ಹೇಳೋರ ಕಾಲೇಜು ಯಾವ್ದು ಅಂತ ಕೇಳ್ತೀನಿ ನಾನು. ಮೈಸೂರಿನ ಎನ್‌ಐಇ 1946ರಿಂದ ಇದೆ, ಮಂಡ್ಯದ ಪಿಇಎಸ್ 1962ರಿಂದ, ಮೈಸೂರಿನದೇ ಎಸ್‌ಜೆಸಿಇ 1963ರಿಂದ, ಎಲ್ಲ ಇಂಜಿನಿಯರಿಂಗ್ ಕಾಲೇಜುಗಳು. ಅಷ್ಟು ವರ್ಷದ ಸೀನಿಯರ್ಸ್ ಎಲ್ಲಿಗೆ ಹೋದ್ರು? ಮೈಸೂರಿನ ಹೆಬ್ಬಾಳದ ಕಡೆ ಇರೋ ಆಫೀಸುಗಳಲ್ಲಿ, ಬೆಂಗಳೂರಲ್ಲಿ, ಹೊರದೇಶದಲ್ಲಿ ಇದ್ದೇ ಇದಾರೆ. ಲಿಂಕ್ಡ್‌ಇನ್‌ನಲ್ಲಿ ಕಾಲೇಜ್ ಹೆಸ್ರು ಹಾಕಿ ಹುಡುಕಿ. "ಹಾಯ್ ಸರ್" ಅಂತ ಮಾತ್ರ ಹಾಕಿ ಕಾಯ್ಬೇಡಿ, ನಾನು ಇಂಥ ವರ್ಷದ ಬ್ಯಾಚ್, ಇಂಥ ಕಡೆ ಸಿಕ್ಕಾಕೊಂಡಿದೀನಿ, ಇಷ್ಟು ಟ್ರೈ ಮಾಡಿದೀನಿ, ಹತ್ತು ನಿಮಿಷ ಸಿಗತ್ತಾ ಅಂತ ಮೊದಲನೇ ಮೆಸೇಜಲ್ಲೇ ಬರೀರಿ. ಐದು ಜನಕ್ಕೆ ಹಾಕಿದ್ರೆ ಒಬ್ರಾದ್ರೂ ಉತ್ತರ ಕೊಡೋದನ್ನ ನಾನು ನೋಡಿದೀನಿ, ಊರ ಕಡೆ ಹುಡುಗ್ರು ಅಂದ್ರೆ ಮನಸ್ಸು ಕರಗತ್ತೆ ಕಣ್ರೋ. ಡಿಪ್ಲೊಮಾ, ಬಿಸಿಎ, ಮೆಕ್ಯಾನಿಕಲ್ ಓದಿ ಈ ಕಡೆ ಬಂದಿರೋರೂ ಹಿಂಗೇ ಕೇಳ್ಬೋದು, ಬ್ರಾಂಚ್ ಬೇರೆ ಅಂತ ಹಿಂಜರೀಬೇಡಿ.

ನಾಲ್ಕನೇ ಸಲ ರಿಜೆಕ್ಟ್ ಆಯ್ತು. ಮನೇಲಿ ಮುಖ ತೋರ್ಸೋಕಾಗ್ತಿಲ್ಲ.

ಬನ್ನಿ, ಕೂತು ಮಾತಾಡೋಣ. ಟಾಸ್ಕ್ ನೋಡೋಕೆ ಮುಂಚೆ ಕಾಫಿ ಕುಡಿಯೋಣ. ಹಬ್ಬಕ್ಕೆ ಬಂದ ನೆಂಟ್ರೆಲ್ಲ ಇನ್ನೂ ಕೆಲಸ ಸಿಗ್ಲಿಲ್ವಾ ಅಂತ ಕೇಳಿದಾಗ ಆಗೋ ಸಂಕಟ ನಂಗೆ ಗೊತ್ತು, ಐದು ತಿಂಗಳು ನಾನೂ ಅನುಭವಿಸಿದೀನಿ. ರಿಜೆಕ್ಟ್ ಮಾಡಿದೋರಿಗೆ ಥ್ಯಾಂಕ್ಸ್ ಹೇಳಿ, ಟಾಸ್ಕ್‌ನಲ್ಲಿ ಯಾವ್ದು ಕಮ್ಮಿ ಬಿತ್ತು ಅಂತ ಒಂದು ಸಾಲು ಕೇಳಿ ನೋಡಿ. ತುಂಬ ಜನ ಉತ್ತರ ಕೊಡಲ್ಲ, ಕೊಡೋ ಒಬ್ರು ಇಬ್ರು ಹೇಳೋದು ಬಂಗಾರದಂಥ ಮಾತು. ಹಳೇ ಟಾಸ್ಕ್‌ಗಳನ್ನ ಬಿಸಾಕ್ಬೇಡಿ, ತಿಂಗಳು ಬಿಟ್ಟು ತೆಗ್ದು ಮತ್ತೆ ಬರ್ದು ನೋಡಿ, ನಿಮ್ಮ ಹಳೇ ಕೋಡ್‌ನಲ್ಲಿ ನಿಮಗೇ ತಪ್ಪು ಕಾಣೋಕೆ ಶುರುವಾಗಿರತ್ತೆ.

ಹೆಲ್ಪ್ ಮಾಡಿದೋರಿಗೆ ಏನಾದ್ರೂ ಕೊಡ್ಬೇಕಾ?

ಏನೂ ಬೇಡ, ಕೊನೆಗೆ ಏನಾಯ್ತು ಅಂತ ಹೇಳಿ ಸಾಕು. ಯಾವ್ದರಿಂದ ಸರಿಹೋಯ್ತು, ಕೆಲಸ ಸಿಕ್ತಾ ಇಲ್ವಾ, ಎರಡೂ ಹೇಳಿ. ಸಿಗದೇ ಇದ್ದಾಗ ಸುಮಾರು ಜನ ಮಾಯ ಆಗ್ಬಿಡ್ತಾರೆ, ಆಮೇಲೆ ತಿಂಗಳುಗಟ್ಟಲೆ ಆ ಹುಡುಗಿ ಏನಾದ್ಲೋ ಅಂತ ನಂಗೆ ತಲೇಲಿ ಕೊರೀತಿರತ್ತೆ.

ಭಾನುವಾರ ಬರುವಾಗ ಏನು ತರ್ಬೇಕು?

ಟಾಸ್ಕ್ ಮೇಲ್ ಪೂರ್ತಿ ಎರಡು ಸಲ ಓದ್ಕೊಂಡ್ ಬನ್ನಿ, ಹೊರಗೆ ತೋರಿಸ್ಬೋದಾ ಅಂತ ಅದ್ರಲ್ಲಿ ಏನಿದೆ ನೋಡ್ಕೊಳಿ, ಬೇಡ ಅಂದಿದ್ರೆ ನಿಮ್ಮದೇ ಉದಾಹರಣೆ ಮಾಡ್ಕೊಂಡ್ ಬನ್ನಿ. ಎಲ್ಲಿ ಸಿಕ್ಕಾಕೊಂಡಿದೀರ ಅಂತ ಒಂದು ಹಾಳೇಲಿ ಕೈಯಲ್ಲಿ ಬರ್ದಿಟ್ಕೊಳಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರ್ಲಿ, ಕರೆಂಟ್ ಕಂಪನಿ ಚೆಸ್ಕಾಂನೋರು ಭಾನುವಾರನೇ ರಿಪೇರಿಗೆ ಅಂತ ಲೈನ್ ತೆಗೆಯೋದುಂಟು. ಲ್ಯಾಪ್‌ಟಾಪ್ ಇಲ್ದೋರು ಹಂಗೇ ಬನ್ನಿ, ನಮ್ಮನೇಲಿ ಹಳೇದೊಂದಿದೆ, ನಿಧಾನ ಆದ್ರೂ ಓಡತ್ತೆ.